ಕೂತು ತೆಗೆದ ಗೆರೆ

ಎಡಗಾಲು ಹೇಗೋ ಒಳಗೆ ಹೋಯಿತು. ಬಲಗಾಲಿನ ಹಿಮ್ಮಡಿ ಮಾತ್ರ ಬೂಟಿನ ಅಂಚಿಗೆ ಸಿಕ್ಕಿಕೊಂಡು, ಜಪ್ಪಯ್ಯ ಎಂದರೂ ಇಳಿಯಲಿಲ್ಲ. ಮಗಳು ಮಂಡಿಯೂರಿ ಇನ್ನೊಮ್ಮೆ ಒತ್ತಿದಳು. ಅಪ್ಪನ ಕಾಲು ಊದಿಕೊಂಡಿತ್ತು. ತಾನೇ ಹೊಲಿದ ಬೂಟು ಅವನಿಗೇ ಆಗುತ್ತಿರಲಿಲ್ಲ.

"ಬಲವಂತ ಮಾಡ್ಬೇಡಮ್ಮ," ಎಂದ ಪಕ್ಕದಂಗಡಿಯ ದರ್ಜಿ. "ಹಿಂದಿನ ಹೊಲಿಗೆ ಬಿಚ್ಚಿಬಿಡು. ಮಲಗಿದವನ ಹಿಮ್ಮಡಿ ಯಾರು ನೋಡ್ತಾರೆ?"

"ಅವನೇ ನೋಡ್ತಾನೆ ಕಣಯ್ಯ," ಎಂದ ಬ್ರೆಡ್ಡಿನ ಅಂಗಡಿಯವನು. "ಎದ್ದು ಕೂತು, ಯಾರ್ರೀ ನನ್ನ ಹೊಲಿಗೆ ಬಿಚ್ಚಿದ್ದು ಅಂದಾನು! ಮಂಡಿನೋವು ಮಾರಾಯಾ, ಕೂತೇ ಕಾಲಿನ ಅಳತೆ ಕೊಡ್ತೀನಿ ಅಂತ ಕೈ ಮುಗಿದೆ. ಬಿಟ್ಟನೇ? ಗೋಡೆಗೆ ಒರಗಿಸಿ ನಿಲ್ಲಿಸಿದ."

"ನಿನ್ನದೇನು ಮಹಾ. ಆಸ್ಪತ್ರೆಯಿಂದ ಬಂದ ನಮ್ಮತ್ತೇನ ಇಬ್ಬರು ಹಿಡ್ಕೊಂಡು ನಿಲ್ಲಿಸಿದ್ವಿ. ಊರೆಲ್ಲ ನಿಲ್ಸೋ ಮೇಷ್ಟ್ರು ಅಂತ ಸುಮ್ನೆ ಕರೀತಿತ್ತಾ?"

ಸಾವಿನ ಮನೆಯಲ್ಲಿ ನಗು ಬಂದದ್ದಕ್ಕೆ ನಾಚಿ ಇಬ್ಬರೂ ತಲೆ ತಗ್ಗಿಸಿದರು.

ಅಷ್ಟರಲ್ಲಿ ಯಾರೋ ಬಂದು ಅಮ್ಮನ ಕಿವಿಯಲ್ಲಿ ಏನೋ ಹೇಳಿದರು. ಅಮ್ಮನ ಮುಖ ಬಿಗಿಯಿತು.

"ಗೇಟಿನ ಆಚೆಗೇ ಇರಲಿ. ಕದ್ದು ಜೈಲಿಗೆ ಹೋದವನು ಅಣ್ಣನ ಮುಖ ನೋಡೋದು ಬೇಡ."

ಚಿಕ್ಕಪ್ಪ ಬಂದಿದ್ದ. ಇಪ್ಪತ್ತಮೂರು ವರ್ಷದ ಮೇಲೆ.

*

ಮಗಳಿಗೆ ಆಗ ಒಂಬತ್ತು ವರ್ಷ. ಕಳ್ಳತನ ನಡೆದ ಬಟ್ಟೆ ಗೋದಾಮಿನ ಕಿಟಕಿಯ ಕೆಳಗೆ, ಕೆಸರಿನಲ್ಲಿ, ಬರಿಗಾಲಿನ ಒಂದು ಗುರುತು ಸಿಕ್ಕಿತ್ತು. ಪೊಲೀಸರು ಪ್ಲಾಸ್ಟರ್ ಹೊಯ್ದು ಅಚ್ಚು ತೆಗೆದರು. ಊರವರ ಕಾಲಿನ ಗೆರೆಗಳೆಲ್ಲ ಇದ್ದದ್ದು ಅಪ್ಪನ ಅಂಗಡಿಯಲ್ಲಿ. ಗಿರಾಕಿಯ ಪಾದವನ್ನು ಹಾಳೆಯ ಮೇಲಿಡಿಸಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಎಳೆದ ಗೆರೆಗಳು. ಪೊಲೀಸರು ಕಟ್ಟು ಬಿಚ್ಚಿಸಿ ಒಂದೊಂದನ್ನೂ ಹೋಲಿಸಿದರು. ಚಿಕ್ಕಪ್ಪನ ಹಾಳೆ ಕೂದಲೆಳೆಯಷ್ಟೂ ಆಚೀಚೆಯಿಲ್ಲದೆ ಹೊಂದಿತು.

"ಈ ಗೆರೆ ಎಳೆದದ್ದು ನೀವೇನಾ?" ನ್ಯಾಯಾಧೀಶರು ಕೇಳಿದರಂತೆ.

"ನಾನೇ ಸ್ವಾಮಿ."

"ಇದು ನಿಮ್ಮ ತಮ್ಮನ ಕಾಲೇನಾ?"

"ಹೌದು."

ಅಷ್ಟೇ. ಎರಡೂ ನಿಜ. ಚಿಕ್ಕಪ್ಪನ ಕಾಲನ್ನೇ ಅಚ್ಚಿನ ಪಕ್ಕ ಇಡಿಸುವುದು ಯಾರಿಗೂ ಹೊಳೆಯಲಿಲ್ಲ. ಆ ಗೆರೆ ಅಷ್ಟು ಚೊಕ್ಕವಾಗಿತ್ತು. ಏಳು ವರ್ಷ ಶಿಕ್ಷೆಯಾಯಿತು. ಒಡಹುಟ್ಟಿದವನೆಂದೂ ನೋಡದೆ ನಿಜ ಹೇಳಿದ ಮನುಷ್ಯ ಎಂದು ಊರು ಅಪ್ಪನನ್ನು ಕೊಂಡಾಡಿತು.

*

ಹೊಲಿಗೆ ಬಿಚ್ಚುವ ಸಣ್ಣ ಚಾಕುವಿಗಾಗಿ ಅವಳು ಮನೆಯ ಮುಂದಿನ ಅಂಗಡಿಗೆ ಹೋದಳು. ಅದು ಅಪ್ಪನ ಖಾನೆಯಲ್ಲಿತ್ತು. ಆ ಖಾನೆಗೆ ಇನ್ನೊಬ್ಬರು ಕೈ ಹಾಕುತ್ತಿರಲಿಲ್ಲ. ಚಾಕು ಎಳೆದಾಗ ತಳಕ್ಕೆ ಹಾಸಿದ್ದ ರಟ್ಟೂ ಎದ್ದು ಬಂತು. ಕೆಳಗೊಂದು ಹಾಳೆ, ಅದರಲ್ಲೊಂದು ಪಾದ. ಮೂಲೆಯಲ್ಲಿ 'ತಮ್ಮ' ಎಂದೂ ಕೇಸಿನ ನಂಬರೂ ಇದ್ದವು. ಕೋರ್ಟಿಗೆ ಹೋದದ್ದು ಇದರ ನಕಲು. ಅಡಿಯಲ್ಲಿ, ಬೇರೆ ಶಾಯಿಯಲ್ಲಿ, ಅಪ್ಪನ ಅಕ್ಷರ:

"ಜ್ವರ ಇತ್ತು. ಮಂಚದ ಮೇಲೆ ಕೂತು ತೆಗೆದದ್ದು. ನಿಂತರೆ ಇವನ ಕಾಲು ಅರ್ಧ ಬೆರಳು ಹೆಚ್ಚು ಅಗಲ."

ತಾರೀಕು, ತೀರ್ಪಾದ ಒಂಬತ್ತನೆಯ ದಿನದ್ದು.

ಅವಳೂ ಹದಿನೈದು ವರ್ಷದಿಂದ ಕಾಲು ಅಳೆದವಳು. ಮೈಭಾರ ಬಿದ್ದಾಗ ಪಾದ ಹರಡುತ್ತದೆ. ಕೆಸರಿನಲ್ಲಿದ್ದದ್ದು ನಿಂತ ಕಾಲು. ಕೂತವನ ಗೆರೆ ಅದಕ್ಕೆ ಹೊಂದಿತೆಂದರೆ, ಅಲ್ಲಿ ನಿಂತವನು ಚಿಕ್ಕಪ್ಪನಲ್ಲ, ಅವನಿಗಿಂತ ಸಣ್ಣ ಕಾಲಿನ ಇನ್ಯಾರೋ. ಒಂಬತ್ತೇ ದಿನಕ್ಕೆ ಅಪ್ಪನಿಗೆ ಗೊತ್ತಾಗಿತ್ತು. ಊರನ್ನೆಲ್ಲ ನಿಲ್ಲಿಸತೊಡಗಿದ್ದು ಆಮೇಲೆ.

ಅವಳು ಹಾಳೆ ಹಿಡಿದು ಗೇಟಿನ ಕಡೆ ನಡೆದಳು. ಒಳಗಿನಿಂದ ಕೂಗು ಬಂತು: "ಚಾಕು ಸಿಕ್ತೇನಮ್ಮ? ಹೊತ್ತಾಯ್ತು!"

ಗೇಟಿನ ಆಚೆ ಚಿಕ್ಕಪ್ಪ ಗೋಡೆಯ ನೆರಳಿನಲ್ಲಿ ನಿಂತಿದ್ದ. ಕೂದಲೆಲ್ಲ ನೆರೆತಿತ್ತು.

"ಒಳಗೆ ಬರಲ್ಲ ಮಗಳೇ, ಅತ್ತಿಗೆಗೆ ಹೇಳು. ಒಂದು ಮಾತು ಕೇಳಿ ಹೋಗ್ತೀನಿ. ಕೊನೇಲಿ ನನ್ನ ಬಗ್ಗೆ ಏನಾದ್ರೂ ಅಂದ್ನಾ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಇನ್ನೊಂದು ಗಂಟೆಯಲ್ಲಿ ಅಪ್ಪ ಮಣ್ಣಿನ ಕೆಳಗೆ, ಅವನ ಒಳ್ಳೆಯ ಹೆಸರು ಮಣ್ಣಿನ ಮೇಲೆ. ಅಂಗಡಿ ನಡೆಯುತ್ತಿದ್ದದ್ದೂ ಆ ಹೆಸರಿನಿಂದಲೇ.

ಅವಳು ಹಾಳೆಯನ್ನು ಚಾಚಿದಳು.

"ಕನ್ನಡಕ ತಂದಿಲ್ಲ. ಓದು."

ಅವಳು ಓದಿದಳು. ದನಿ ಸಣ್ಣದೇ ಇತ್ತು. ಆದರೂ ಅವಳನ್ನು ಕರೆಯಲು ಬಂದ ದರ್ಜಿ ನಿಂತಲ್ಲೇ ನಿಂತ. ಬಾಗಿಲಲ್ಲಿದ್ದ ಅಮ್ಮ ಮೆಟ್ಟಿಲಿಳಿದು ಬಂದಳು.

"ಏನಂದೆ? ಇನ್ನೊಂದ್ಸಲ ಓದು."

ಅವಳು ತಾರೀಕನ್ನೂ ಸೇರಿಸಿ ಮತ್ತೆ ಓದಿದಳು. ಅಮ್ಮ ಗೇಟಿನ ಸರಳು ಹಿಡಿದುಕೊಂಡಳು.

ಚಿಕ್ಕಪ್ಪ ಅಳಲಿಲ್ಲ, ಬೈಯಲಿಲ್ಲ. ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು ಗೇಟಿನ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಹಾಸಿದ. ಒಂದು ಚಪ್ಪಲಿ ಬಿಟ್ಟ. ಪಾದವನ್ನು ಗೆರೆಯೊಳಗೆ ಇಟ್ಟು, ಇನ್ನೊಂದು ಕಾಲನ್ನು ತುಸು ಎತ್ತಿ, ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು ನಿಂತ.

ದರ್ಜಿ ಬಗ್ಗಿ ಸುತ್ತಲೂ ನೋಡಿದ. ಹರಡಿದ ಪಾದದಡಿ ಗೆರೆ ಎಲ್ಲೂ ಕಾಣಲಿಲ್ಲ.