ಕಟ್ಟಿದ ಕಾರಲ್ಲಿ ಕೂತ ಅಜ್ಜಿ

ಬೆಳಿಗ್ಗೆ ಹಲ್ಲುಜ್ಜಿಕೊಂಡು ಈಚೆ ಬರ್ತೀನಿ, ಅಜ್ಜಿ ಕಾರಲ್ಲಿ ಕೂತವ್ಳೆ. ಅಜ್ಜಿ ಕಾರಲ್ಲಿ ಕೂರೋದು ದೊಡ್ಡ ವಿಷಯ ಅಲ್ಲ. ಆದ್ರೆ ಆ ಕಾರನ್ನ ತಾತ ಆಗಲೇ ಮನೆಗಾಡಿ ಹಿಂದೆ ಕಟ್ಟಾಗಿತ್ತು.

ನಮ್ಮದು ರೋಡ್ ಮೇಲಿನ ಸಂಸಾರ. ಬಸ್ಸಿನಷ್ಟು ಉದ್ದದ ಗಾಡಿ, ಒಳಗೇ ಅಡುಗೆಮನೆ, ಬಚ್ಚಲು, ಮಂಚ. ಅದರ ಹಿಂದೆ ಕಬ್ಬಿಣದ ಕಂಬಿಗೆ ಮೂಗು ಕಟ್ಟಿಸಿಕೊಂಡು ಬರೋ ಕೆಂಪು ಜೀಪು. ಹಾಲು ತರೋಕೆ, ಬಟ್ಟೆ ಒಗೆಸೋಕೆ ಜೀಪು ಬೇಕು. ತಾತ ಡೆಲ್ಬರ್ಟ್, ಅಜ್ಜಿ ವರ್ನಾ, ಇಬ್ಬರೂ ಕ್ಯಾನ್ಸಸ್ಸಿನ ಮನೆ ಮಾರಿ ಹಿಂಗೇ ತಿರುಗ್ತಾ ಇದ್ರು. ಹೈಸ್ಕೂಲ್ ಮುಗಿಸಿ ನಾನೂ ಬಂದು ಸೇರ್ಕೊಂಡೆ. ಎರಡು ಬಾಯಿಗೆ ಒಂದು ಮೈಕು.

ಎಳ್ಕೊಂಡು ಹೋಗೋ ಕಾರಲ್ಲಿ ಜನ ಕೂರೋ ಹಾಗಿಲ್ಲ. ಪೊಲೀಸ್ ನೋಡಿದ್ರೆ ಕಥೆ ಮುಗೀತು.

"ಅಜ್ಜಿ, ಸೀಟು ತಪ್ಪಾಗಿದೆ. ನಿನ್ನ ಟಿಕೆಟ್ ಮುಂದಿನ ಬೋಗೀದು," ಅಂದೆ.

"ಬಿಚ್ಚೋಕೆ ಹೇಳು ಆ ಮನುಷ್ಯಂಗೆ. ನಾನು ಡೆಮಿಂಗ್‌ಗೆ ಹೋಗ್ತಿದೀನಿ. ಆಯ್ಲೀನ್ ಮನೆಗೆ."

ಆಯ್ಲೀನ್ ಅಂದ್ರೆ ಅಜ್ಜಿ ತಂಗಿ. ಡೆಮಿಂಗ್ ಇರೋದು ಪೂರ್ವಕ್ಕೆ, ನ್ಯೂ ಮೆಕ್ಸಿಕೋದಲ್ಲಿ. ನಾವು ಹೊರಟಿದ್ದು ಪಶ್ಚಿಮಕ್ಕೆ, ಕ್ಯಾಲಿಫೋರ್ನಿಯಾ ಸಮುದ್ರಕ್ಕೆ.

"ವಾಪಸ್ ಯಾವಾಗ?"

"ಬಂದ್ರೆ ನೋಡೋಣ."

ಬಂದ್ರೆ? ಅಜ್ಜಿ ಇಲ್ದಿದ್ರೆ ಈ ಗಾಡಿ ಮನೆ ಅಲ್ಲ, ಬರೀ ಗಾಡಿ.

ಓಡಿ ಮುಂದೆ ಹೋದೆ. ತಾತ ಸ್ಟೇರಿಂಗ್ ಮುಂದೆ ಕೂತು ಕಾಫಿ ಹೀರ್ತಿದ್ದ.

"ಯಾಕೆ ತಾತ ಜಗಳ?"

"ಅವಳ ಮಗ್ಗು ಒಡೆದೆ. ಅಷ್ಟೇ."

"ಒಂದು ಮಗ್ಗಿಗೆ ನ್ಯೂ ಮೆಕ್ಸಿಕೋಗೆ ಹೋಗ್ತಾರಾ?"

"ನಂಗೇನೋ ಗೊತ್ತು? ಇಳಿದು ಬಾ, ಹೊತ್ತಾಗ್ತಿದೆ ಅಂತ ಹೇಳು."

ಈ ಮಾತನ್ನ ಹಂಗೇ ಹೋಗಿ ಹೇಳೋದು ಪೋಸ್ಟ್‌ಮ್ಯಾನ್ ಕೆಲಸ. ನಾನು ಕಲಾವಿದ. ಜೀಪಿನ ಕಿಟಕಿ ಹತ್ರ ಹೋದೆ, ಎದೆ ಮೇಲೆ ಕೈ ಇಟ್ಟೆ, ಗಂಟಲು ದಪ್ಪ ಮಾಡ್ದೆ. "ವರ್ನಾ! ನೀನು ಕೂತಿರೋದು ಕಾರಲ್ಲ. ನನ್ನ ಹೃದಯ ತನ್ನ ಹಿಂದೆ ಕಟ್ಟಿ ಎಳ್ಕೊಂಡು ಹೋಗ್ತಿರೋ ಟ್ರಾಲಿ! ಇಳಿದು ಬಾ!"

ಅಜ್ಜಿ ನಗ್ತಾಳೆ ಅಂದ್ಕೊಂಡಿದ್ದೆ. ಮುಖ ಸಪ್ಪಗಾಯ್ತು.

"ಟ್ರಾಲಿ ಅಂದ್ನಾ?"

"ಅಯ್ಯೋ, ಅದು ನನ್ನ ಡೈಲಾಗು ಅಜ್ಜಿ. ಅವನದು ಬರೀ ಭಾವ."

"ಭಾವ ಅದೇ ತಾನೆ," ಅಂತ ಕಿಟಕಿ ಏರಿಸಿಬಿಟ್ಲು.

ನಂಗೆ ತಲೆ ಬುಡ ತಿಳೀಲಿಲ್ಲ. ಹೃದಯ ಅಂದಿದ್ದಕ್ಕೆ ಕೋಪ ಇಲ್ಲ, ಟ್ರಾಲಿ ಅಂದಿದ್ದಕ್ಕೆ ಕೋಪ. ಮಗ್ಗಿನ ಮಾತು ಎಲ್ಲಿ ಹೋಯ್ತು?

ಅಷ್ಟರಲ್ಲಿ, ಗಾಡಿ ನಿಲ್ಲಿಸೋ ಆ ಕ್ಯಾಂಪಲ್ಲಿ ನಾವು ಖಾಲಿ ಮಾಡಬೇಕಿದ್ದ ಜಾಗಕ್ಕೆ ಬರಬೇಕಾದವರು ಆರೆಗಾನ್ ನಂಬರ್ ಪ್ಲೇಟಿನ ಗಾಡಿ ತಂದು ನಿಲ್ಲಿಸಿದ್ರು. ನಮ್ಮ ಜಗಳ ನೋಡೋಕೆ ಚೆನ್ನಾಗಿದೆ ಅನ್ನಿಸ್ತೇನೋ, ಗಂಡ ಹೆಂಡ್ತಿ ಮಡಚೋ ಕುರ್ಚಿ ಹಾಕ್ಕೊಂಡು ಕೂತ್ರು.

ಮಾತು ಬೇಡ, ಬಿಚ್ಚೇ ಬಿಡೋಣ ಅಂತ ಕಂಬಿಗೆ ಕೈ ಹಾಕ್ದೆ. ಕಂಬೀನ ಜೀಪಿಗೆ ಹಿಡಿದಿಟ್ಟಿದ್ದ ಪಿನ್ನು ಬರಲಿಲ್ಲ. ಸುತ್ತಿಗೇಲಿ ಕುಟ್ಟಿದೆ, ಆಗಲೂ ಇಲ್ಲ. ನೆಲ ಇಳಿಜಾರು, ಜೀಪು ಹಿಂದಕ್ಕೆ ಜಗ್ತಿತ್ತು, ಕಂಬಿ ಬಿಗಿದು ಪಿನ್ನನ್ನ ಕಚ್ಕೊಂಡಿತ್ತು.

"ಜೀಪು ಒಂದು ಬೆರಳು ಮುಂದೆ ಬಂದ್ರೆ ಬಿಡುತ್ತೆ," ಅಂತ ಕುರ್ಚಿ ಮೇಲಿಂದ ಆರೆಗಾನ್ ಯಜಮಾನ.

ತಾತ ಇಳಿದು ಬಂದ. ನನ್ನ ಪಕ್ಕಕ್ಕೆ ತಳ್ಳಿ, ಎರಡು ಗಾಡಿ ಮಧ್ಯೆ ಬಗ್ಗಿ ನಿಂತ. ಮುಂದೆ ಮನೆ, ಹಿಂದೆ ಜೀಪು, ಜೀಪಿನಲ್ಲಿ ಕೋಪ ಬಂದ ಹೆಂಡ್ತಿ. ಸಿನಿಮಾ ಆಗಿದ್ರೆ ಇಲ್ಲೇ ಇಂಟರ್ವಲ್.

"ತಾತ, ಪಕ್ಕದಲ್ಲಿ ನಿಂತ್ಕೊ!"

"ಪಕ್ಕದಿಂದ ಪಿನ್ನು ಸಿಗಲ್ಲ. ವರ್ನಾ! ಗೇರಿಗೆ ಹಾಕಿ ಒಂಚೂರು ಬಿಡು. ನನ್ನ ಮೊಣಕಾಲು ನಿನ್ನ ಕೈಲಿದೆ."

ಕಿಟಕಿ ಇಳೀತು. "ಕೈಲಲ್ಲ, ಕಾಲಲ್ಲಿ."

ಆರೆಗಾನಿನವಳು ಬಾಯಿ ಮೇಲೆ ಕೈ ಇಟ್ಕೊಂಡ್ಲು.

ಎಂಜಿನ್ ಶುರುವಾಯ್ತು. ಜೀಪು ಉಸಿರಾಡಿದ ಹಾಗೆ ಮುಂದೆ ಬಂತು.

"ಇನ್ನೂ ಸ್ವಲ್ಪ."

"ಡೆಲ್ಬರ್ಟ್, ಎಲ್ಲಿಗೆ ಹೋಗೋದು ಅಂತ ಒಂದ್ ಸಲನಾದ್ರೂ ನನ್ನ ಕೇಳಿದೀಯಾ?"

"ಈಗ್ಲಾ? ನನ್ನ ಬೆರಳು ಒಳಗಿದೆ ಕಣೇ!"

"ಈಗ್ಲೇ. ಬೇರೆ ಹೊತ್ತಲ್ಲಿ ನೀನು ಓಡಿಸ್ತಾ ಇರ್ತೀಯ. ಆಯ್ಲೀನ್ ಮಂಡಿ ಆಪರೇಷನ್ ಆಗಿದೆ, ಹೋಗೋಣ ಅಂತ ಒಂದು ವಾರದಿಂದ ಹೇಳ್ತಿದೀನಿ. ನೀನು ಸಮುದ್ರ ಅಂತೀಯ, ಬೆಳಿಗ್ಗೆ ಎದ್ದು ಕಟ್ಟಿಬಿಡ್ತೀಯ. ನಾನು ಮುಂದಿನ ಸೀಟಲ್ಲಿ ಕೂತ್ರೂ ಹಿಂದೆ ಕಟ್ಟಿದ ಹಾಗೇನೇ."

ತಾತ ಹಂಗೇ ಬಗ್ಗಿದ್ದ. ಬೇಕಿದ್ರೆ ಅಲ್ಲಿಂದ ಎದ್ದು ಬರಬಹುದಿತ್ತು. ಬರಲಿಲ್ಲ.

"ಇನ್ನೊಂಚೂರು ಬಿಡು," ಅಂದ ಮೆತ್ತಗೆ.

ಬಿಟ್ಲು. ಟಕ್ ಅಂತ ಪಿನ್ನು ಈಚೆ ಬಂತು. ತಾತ ಪಕ್ಕಕ್ಕೆ ಸರಿದ, ಇನ್ನೊಂದು ಪಿನ್ನೂ ತೆಗೆದ, ಕಂಬಿ ಮಡಚಿದ. ಅಜ್ಜಿ ನಮ್ಮಿಬ್ಬರನ್ನೂ ನೋಡದೇನೇ ಸ್ಟೇರಿಂಗ್ ತಿರುಗಿಸಿದ್ಲು, ಧೂಳೆಬ್ಬಿಸ್ಕೊಂಡು ಹೊರಟೇ ಹೋದ್ಲು.

ನಾನು ತಾತನ ಮುಖ ನೋಡ್ದೆ. ತಾತ ಧೂಳು ನೋಡ್ತಿದ್ದ.

"ಏನ್ ಮಾಡೋದು ತಾತ?"

"ಜಾಗ ಬಿಡೋದು. ಇವರು ಕಾಯ್ತಿದಾರೆ."

ಹತ್ತಿದ್ವಿ. ಗೇಟು ದಾಟಿದ್ವಿ. ರೋಡಿಗೆ ಬಂದ ತಕ್ಷಣ ಅಭ್ಯಾಸಕ್ಕೆ ತಾತ ಸಮುದ್ರದ ಕಡೆ ತಿರುಗಿಸಿದ. ಎರಡು ಹೆಜ್ಜೆ ಹೋಗಿಲ್ಲ, ತಾತನ ಕಡೆ ಕನ್ನಡೀಲಿ ಕೆಂಪು ಕಾಣಿಸ್ತು. ಜೀಪು ಆ ಕಡೆ ರೋಡ್ ಪಕ್ಕ ನಿಂತಿದೆ, ಮೂತಿ ಪೂರ್ವಕ್ಕೆ.

ತಾತನ ಫೋನ್ ಹೊಡ್ಕೊಳ್ತು. ನಂದಲ್ಲ, ತಾತಂದೇ. ಸ್ಪೀಕರಿಗೆ ಹಾಕಿದ.

"ನಾನು ಮುಂದೆ ಹೋಗ್ತಿರ್ತೀನಿ," ಅಂದ್ಲು ಅಜ್ಜಿ. "ಬರೋದಾದ್ರೆ ಹಿಂದೆ ಬಾ. ನಾನು ಯಾರನ್ನೂ ಕಟ್ಕೊಂಡು ಹೋಗಲ್ಲ." ಇಟ್ಟುಬಿಟ್ಲು.

ತಾತ ಗಾಡಿ ನಿಲ್ಲಿಸಿದ. ತಿರುಗಿಸೋಕೆ ರೋಡಲ್ಲಿ ಅಗಲ ಇಲ್ಲ. ಕ್ಯಾಂಪಿನ ಗೇಟೊಳಕ್ಕೆ ಹಿಂದೆ ಹೋಗಿ, ಅಲ್ಲಿಂದ ತಿರುಗಿಸಬೇಕು. ಹಿಂದೆ ಕಾರು ಕಟ್ಟಿದ್ದಾಗ ಈ ಗಾಡಿ ರಿವರ್ಸ್ ಹೋಗೋ ಹಾಗೇ ಇಲ್ಲ, ಕಂಬಿ ಮುರಿದುಹೋಗುತ್ತೆ. ಈಗ ಹಿಂದೆ ಏನೂ ಇಲ್ಲ.

"ಇಳಿದು ಹಿಂದೆ ನೋಡೋ," ಅಂದ ತಾತ.

ನಾನು ಇಳಿಯೋದ್ರೊಳಗೆ ಆರೆಗಾನ್ ಯಜಮಾನ ಕುರ್ಚಿ ಬಿಟ್ಟು ಓಡಿ ಬಂದು ಎರಡೂ ಕೈ ಬೀಸ್ತಿದ್ದ. "ಬಾ, ಬಾ, ಬಾ!" ತಾತ ಇಷ್ಟಿಷ್ಟೇ ಹಿಂದೆ ಬಂದ. ಒಂದು ಪೊದೆ ಹೋಯ್ತು, ಕಸದ ಡಬ್ಬ ಸ್ವಲ್ಪದ್ರಲ್ಲಿ ಉಳೀತು. ಗಾಡಿ ಮೂತಿ ಪೂರ್ವಕ್ಕೆ ತಿರುಗ್ತು.

ಮುಂದೆ ಜೀಪು ಹೊರಟಿತು, ಆಮೆ ವೇಗ. ಹಿಂದಿನ ಲಾರಿಗಳೆಲ್ಲ ಹಾರ್ನ್ ಹೊಡೀತಿವೆ. ಯಾಕೆ ಅಷ್ಟು ನಿಧಾನ ಅಂತ ನಂಗೆ ಗೊತ್ತಾಗ್ತಿದೆ, ತಾತಂಗೆ ಗೊತ್ತಾಗ್ತಿದೆಯೋ ಇಲ್ವೋ ಅದು ಗೊತ್ತಾಗ್ತಿಲ್ಲ.

"ಲೋ," ಅಂದ ಸ್ವಲ್ಪ ಹೊತ್ತಾದ್ಮೇಲೆ, ಸ್ಟೇರಿಂಗ್ ಗಟ್ಟಿಯಾಗಿ ಹಿಡ್ಕೊಂಡು. "ಜೀಪಿಗೂ ನಮಗೂ ಮಧ್ಯೆ ಎಷ್ಟು ಜಾಗ ಬಿಡಬೇಕೋ?"

ನಾಲಿಗೆ ತುದೀಗೆ ಒಂದು ಒಳ್ಳೇ ಡೈಲಾಗು ಬಂದಿತ್ತು. ನುಂಗ್ಕೊಂಡೆ.

"ಗೊತ್ತಿಲ್ಲ ತಾತ. ಅಜ್ಜೀನೇ ಕೇಳು."

ತಾತ ಫೋನ್ ಕಡೆ ಕಣ್ಸನ್ನೆ ಮಾಡಿದ. ನಾನು ಅಜ್ಜಿ ನಂಬರ್ ಒತ್ತಿದೆ.