ಕೆರೆ ದಾಟುವ ತಟ್ಟೆ

ಬೆಳಗಿನ ಸೆಮಿಫೈನಲ್ಲಿನಲ್ಲಿ ಬಸ್ಸಿನಕ್ಕನ ಕೆಂಪು ಡ್ರೈವರ್ ತಟ್ಟೆ ಕೆರೆಯ ಪಾಲಾಯಿತು. ಆಟವನ್ನೇನೋ ಗೆದ್ದರು, ಎದುರಾಳಿಗಳು ಅದಕ್ಕಿಂತ ದೊಡ್ಡ ಎಡವಟ್ಟು ಮಾಡಿಕೊಂಡಿದ್ದರಿಂದ ಗೆದ್ದರು. ಮರುದಿನ ಫೈನಲ್. ಅದೇ ಬಯಲು, ಅದೇ ಕೆರೆ, ಚೀಲದಲ್ಲಿ ಮಾತ್ರ ದೂರಕ್ಕೆ ಎಸೆಯುವ ತಟ್ಟೆಯೇ ಇಲ್ಲ. ಹಾಗಾಗಿ ಊಟದ ಕೈ ತೊಳೆದವರೇ ಅಕ್ಕ ತಮ್ಮ ಇಬ್ಬರೂ ಆಟದ ಸಾಮಾನಿನ ಅಂಗಡಿಗೆ ಬಂದಿದ್ದರು.

ಅವಳು ನಗರದ ಬಸ್ ಓಡಿಸುವವಳು. ಡಿಪೋದಲ್ಲೂ ಆಟದ ಬಯಲಿನಲ್ಲೂ ಎಲ್ಲರ ಬಾಯಲ್ಲಿ ಬಸ್ಸಿನಕ್ಕ. ತಮ್ಮ ಬಡಗಿ. ಡಿಸ್ಕ್ ಗಾಲ್ಫಿನ ಹುಚ್ಚು ಅವನಿಗೆ ಹಿಡಿಸಿದ್ದೂ ಅವಳೇ. ಕಬ್ಬಿಣದ ಕಂಬ, ಅದಕ್ಕೆ ಸರಪಳಿಗಳ ಬುಟ್ಟಿ, ಅದರೊಳಗೆ ತಟ್ಟೆ ಬೀಳಬೇಕು, ಎಷ್ಟು ಕಡಿಮೆ ಎಸೆತದಲ್ಲಿ ಬಿದ್ದರೆ ಅಷ್ಟು ಒಳ್ಳೆಯದು: ಆಟವೆಂದರೆ ಇಷ್ಟೇ. ಜೋಡಿ ಆಟದಲ್ಲಿ ಒಬ್ಬರಾದ ಮೇಲೆ ಒಬ್ಬರು ಎಸೆಯಬೇಕು. ಒಂದು ಬುಟ್ಟಿಗೆ ಮೊದಲ ಎಸೆತ ಅವಳದಾದರೆ ಮುಂದಿನದಕ್ಕೆ ತಮ್ಮನದು. ಆ ಸರದಿಯಲ್ಲಿ ಕೆರೆಯಾಚೆಯ ಕೊನೆಯ ಬುಟ್ಟಿಯ ಮೊದಲ ಎಸೆತ ಅವಳ ಪಾಲಿಗೆ ಬರುತ್ತಿತ್ತು.

"ಡ್ರೈವರಿಗೇ ಡ್ರೈವರ್ ಬೇಕಾ?" ಎಂದ ಅಂಗಡಿಯ ಯಜಮಾನ. ಅವಳು ಬಂದಾಗಲೆಲ್ಲ ಅವನು ಆಡುವ ಮಾತು ಅದು, ಅವಳೂ ಪ್ರತಿಸಲ ನಗುತ್ತಿದ್ದಳು. ಇಂದು ತುಟಿ ಅಲುಗಿತೇ ಹೊರತು ನಗು ಬರಲಿಲ್ಲ.

ತಮ್ಮ ನೇರವಾಗಿ ವಿಷಯಕ್ಕೆ ಬಂದ. ಕಳೆದುಹೋದಂಥದೇ ಬೇಕು, ಅದೇ ತೂಕ, ಅದೇ ವೇಗದ್ದು, ಬಣ್ಣ ಯಾವುದಾದರೂ ಸರಿ. ಬೆಳಿಗ್ಗೆ ಗಾಳಿ ಕೈಕೊಟ್ಟಿತು, ಇಲ್ಲದಿದ್ದರೆ ನಮ್ಮಕ್ಕನ ತಟ್ಟೆ ನೀರಿಗೆ ಬೀಳುವುದುಂಟೇ ಎಂದು ಯಜಮಾನನಿಗೆ ವರದಿ ಒಪ್ಪಿಸಿದ. ಗಾಳಿ ಎಂದು ಅವನಿಗೆ ಹೇಳಿದ್ದು ಅವಳೇ. ನಿಜ ಗೊತ್ತಿದ್ದದ್ದು ಅವಳ ಬಲಭುಜಕ್ಕೆ. ಚಳಿಗಾಲದಲ್ಲಿ ಶುರುವಾದ ನೋವು ಈಗ ಮೂಳೆಯ ಸಂದಿನಲ್ಲಿ ಮನೆ ಮಾಡಿತ್ತು. ಕೈಯನ್ನು ಎದೆಗೆ ಅಡ್ಡಲಾಗಿ ಹಿಂದೆಳೆದು ಬೀಸುವಾಗ, ಇನ್ನೇನು ಬಿಡಬೇಕು ಎನ್ನುವ ಕ್ಷಣದಲ್ಲಿ, ಯಾರೋ ಒಳಗಿನಿಂದ ಹಿಡಿದೆಳೆದಂತಾಗುತ್ತಿತ್ತು. ಮುಲಾಮು ಹಚ್ಚಿ, ವಾಸನೆ ಬಾರದಿರಲೆಂದು ಮೇಲೆ ಎರಡು ಅಂಗಿ ತೊಟ್ಟು, ಅವಳು ಯಾರಿಗೂ ಸುಳಿವು ಕೊಟ್ಟಿರಲಿಲ್ಲ. ಭುಜದ ಸುದ್ದಿ ಡಿಪೋಗೆ ಮುಟ್ಟಿದರೆ ಸ್ಟೇರಿಂಗ್ ಕೈತಪ್ಪುತ್ತದೆ, ಅದು ಖಂಡಿತ.

ಆ ಡಿಪೋದ ಮೇಲ್ವಿಚಾರಕ ಅದೇ ಅಂಗಡಿಯ ಮೂಲೆಯಲ್ಲಿ ಬೂಟುಗಳನ್ನು ತಿರುವಿ ಹಾಕುತ್ತಿದ್ದ. ಅವನೂ ಭಾನುವಾರದ ಆಟಗಾರ. ಅವಳನ್ನು ಕಂಡು ತಲೆಯಾಡಿಸಿದ, ಅವಳೂ ಆಡಿಸಿದಳು. ಅಂಗಡಿ ಇದ್ದಕ್ಕಿದ್ದಂತೆ ಚಿಕ್ಕದಾದಂತೆ ಅನ್ನಿಸಿತು.

ಯಜಮಾನ ಗಲ್ಲಾದ ಮೇಲೆ ಮೂರು ತಟ್ಟೆ ಇಟ್ಟ. ಹಳದಿಯದು ಕಳೆದುಹೋದದ್ದರ ಅವಳಿ: ಭಾರ, ಅಂಚು ಅಗಲ, ತುದಿ ಚೂಪು. ರಟ್ಟೆಯಲ್ಲಿ ಬಲವಿದ್ದವರ ಕೈಯಲ್ಲಿ ಹದ್ದಿನ ಹಾಗೆ ಹೋಗುತ್ತದೆ, ಬೀಸು ಸಾಲದಿದ್ದರೆ ಅರ್ಧ ದಾರಿಯಲ್ಲೇ ಎಡಕ್ಕೆ ಹೊರಳಿ ಬೀಳುತ್ತದೆ. ನೀಲಿಯದು ಅದಕ್ಕಿಂತ ಹಗುರ, ಅಂಚು ಕಿರಿದು, ವೇಗ ಕಡಿಮೆ. ಬಿಳಿಯದು ಇನ್ನೂ ಹಗುರ.

"ಹಿಂದೆ ಜಾಗ ಇದೆ, ಎಸೆದು ನೋಡಿ ತಗೊಳ್ಳಿ," ಎಂದ ಯಜಮಾನ.

ಬೇಡ ಎನ್ನಲು ನೆಪ ಹೊಳೆಯಲಿಲ್ಲ. ಅಂಗಡಿಯ ಹಿಂದಿನ ಖಾಲಿ ಜಾಗಕ್ಕೆ ಎಲ್ಲರೂ ಹೋದರು. ಮೇಲ್ವಿಚಾರಕನೂ ಹೊಸ ಬೂಟು ಹಾಕಿಕೊಂಡೇ ಬಾಗಿಲಿಗೆ ಒರಗಿ ನಿಂತ. ಅವಳು ಹಳದಿ ತಟ್ಟೆ ಹಿಡಿದು, ಉಸಿರು ಬಿಗಿಹಿಡಿದು ಬೀಸಿದಳು. ಭುಜ ಕಚ್ಚಿತು. ತಟ್ಟೆ ಸ್ವಲ್ಪ ದೂರ ನೆಟ್ಟಗೆ ಹೋಗಿ, ಬೇಜಾರಾದವರಂತೆ ಎಡಕ್ಕೆ ತಿರುಗಿ ಗೋಡೆಯ ಬುಡಕ್ಕೆ ಕವುಚಿಬಿತ್ತು. ಕೈ ಬೆವರಿದೆ ಎಂದಳು. ತಮ್ಮ ಓಡಿಹೋಗಿ ತಂದುಕೊಟ್ಟ. ಎರಡನೆಯದೂ ಅದೇ ಗೋಡೆಗೆ.

ಯಜಮಾನ ನೀಲಿ ತಟ್ಟೆ ಚಾಚಿದ. ತಮ್ಮನಿಗೆ ಅದನ್ನು ಸಹಿಸಲಾಗಲಿಲ್ಲ. ಅದು ಹೊಸಬರು ಎಸೆಯುವ ತಟ್ಟೆ, ಅಕ್ಕನಿಗೆ ಅದನ್ನು ಕೊಡುತ್ತೀರಲ್ಲ, ಯಾರೆಂದುಕೊಂಡಿದ್ದೀರಿ ಎಂದು ಅವನ ಮೇಲೆ ಹರಿಹಾಯ್ದ. ಬಾಗಿಲಲ್ಲಿ ನಿಂತಿದ್ದವನ ಕಣ್ಣು ತನ್ನ ಭುಜದ ಮೇಲಿರುವುದು ಅವಳಿಗೆ ನೋಡದೆಯೇ ತಿಳಿಯುತ್ತಿತ್ತು. ನೀಲಿಯದನ್ನು ಮುಟ್ಟಿದರೆ ಎಲ್ಲವನ್ನೂ ಬಾಯಿಬಿಟ್ಟು ಹೇಳಿದಂತೆ.

"ಹಳದೀನೇ ಕಟ್ಟಿ," ಎಂದಳು.

ದಾರಿಯಲ್ಲಿ ತಮ್ಮ ಪೊಟ್ಟಣವನ್ನು ಕಂಕುಳಿಗೆ ಸೇರಿಸಿ ಜೊತೆಗೆ ನಡೆದ. ಆಮೇಲೆ, ಎರಡನೆಯ ಎಸೆತದಲ್ಲಿ ನಿನ್ನ ಮುಖ ಕಿವುಚಿದ್ದು ಯಾಕೆ ಎಂದು ಕೇಳಿದ. ಕೇಳಿದ್ದರಲ್ಲಿ ತಪ್ಪಿರಲಿಲ್ಲ, ಕಕ್ಕುಲಾತಿಯೇ ಇತ್ತು. ಅದಕ್ಕೇ ಅವಳಿಗೆ ರೇಗಿತು. ನಿನ್ನ ಉಳಿ ಗರಗಸ ನೀನು ನೋಡಿಕೋ, ನನ್ನ ಕೈ ನಾನು ನೋಡಿಕೊಳ್ಳುತ್ತೇನೆ ಎಂದುಬಿಟ್ಟಳು. ಅವನು ತಟ್ಟೆಯ ಪೊಟ್ಟಣವನ್ನು ಅವಳ ಕೈಗಿತ್ತು ರಸ್ತೆ ದಾಟಿ ಹೊರಟೇಹೋದ.

ಸಂಜೆಯ ಪಾಳಿಗೆ ಅವಳಿಗೆ ಸಿಕ್ಕಿದ್ದು ಹಳೆಯ ಬಸ್ಸು, ಸ್ಟೇರಿಂಗ್ ಬಿಗಿ. ಅಂಗಡಿ ಮುಂಗಟ್ಟು ಮುಚ್ಚುವ ಹೊತ್ತು, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ತಿರುವುಗಳಲ್ಲಿ ಎಡಗೈಗೇ ಹೆಚ್ಚು ಕೆಲಸ ಕೊಡುವುದನ್ನು ಅವಳು ಇಷ್ಟು ತಿಂಗಳಲ್ಲಿ ರೂಢಿ ಮಾಡಿಕೊಂಡಿದ್ದಳು. ಮಾರುಕಟ್ಟೆಯ ವೃತ್ತದಲ್ಲಿ ಮಾತ್ರ ಎರಡೂ ಕೈ ಬೇಕೇ ಬೇಕು. ಚಕ್ರವನ್ನು ಪೂರ್ತಿ ತಿರುಗಿಸುವಾಗ ಮಧ್ಯಾಹ್ನದ ಎರಡು ಎಸೆತ ಲೆಕ್ಕ ಚುಕ್ತಾ ಮಾಡಿಕೊಂಡವು. ಭುಜ ಅಗುಳಿ ಹಾಕಿದಂತೆ ಹಿಡಿದುಕೊಂಡಿತು. ಬಲಗೈ ಜಾರಿತು. ತಿರುಗಬೇಕಾದ ಬಸ್ಸು ನೆಟ್ಟಗೆ ನುಗ್ಗಿತು, ಮುಂದೆ ಸೈಕಲ್ಲಿನಲ್ಲಿ ತರಕಾರಿ ಬುಟ್ಟಿ ಕಟ್ಟಿಕೊಂಡು ಹೋಗುತ್ತಿದ್ದವನ ಬೆನ್ನು.

ಬ್ರೇಕ್ ಒತ್ತಿದ್ದು ಕಾಲು. ತಲೆಗೆ ಅಷ್ಟು ಬೇಗ ಏನೂ ಹೊಳೆದಿರಲಿಲ್ಲ. ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು, ಯಾರದೋ ಡಬ್ಬಿ ಉರುಳಿತು. ಬಸ್ಸಿಗೂ ಸೈಕಲ್ಲಿನ ಹಿಂದಿನ ಚಕ್ರಕ್ಕೂ ನಡುವೆ ಒಂದು ಕೈ ತೂರಿಸುವಷ್ಟು ಜಾಗ ಉಳಿದಿತ್ತು. ಅವನು ಹಿಂದೆ ತಿರುಗಿಯೂ ನೋಡದೆ ಪೆಡಲ್ ತುಳಿಯುತ್ತ ಹೋದ. ಅವಳ ಹಿಂದೆ ಕೂತಿದ್ದ ಮುದುಕಿ ಮುಂದೆ ಬಾಗಿ, "ಸದ್ಯ, ನೀನಿದ್ದೆ ಕಣಮ್ಮ, ಬೇರೆಯವರಾಗಿದ್ರೆ ಅವನ ಕಥೆ ಮುಗೀತಿತ್ತು," ಎಂದಳು.

ಬಸ್ಸಿನಕ್ಕನಿಗೆ ಆ ಹೊಗಳಿಕೆ ಕೇಳಲಾಗಲಿಲ್ಲ. ಮುಂದಿನ ನಿಲ್ದಾಣದ ತನಕ ಬಸ್ಸನ್ನು ಆಮೆಯಂತೆ ತಂದು ನಿಲ್ಲಿಸಿ, ಎಂಜಿನ್ ಆರಿಸಿ, ಬಸ್ಸು ಇಲ್ಲಿಗೇ ಕೊನೆ, ಬೇರೆ ಬರುತ್ತದೆ ಎಂದು ಎಲ್ಲರನ್ನೂ ಇಳಿಸಿದಳು. ಜನ ಗೊಣಗಿದರು. ಅವಳು ಡಿಪೋಗೆ ಫೋನ್ ಮಾಡಿ ಮೆಟ್ಟಿಲ ಮೇಲೆ ಕೂತಳು.

ಬೇರೊಬ್ಬ ಚಾಲಕನನ್ನು ಕರೆದುಕೊಂಡು ಮೇಲ್ವಿಚಾರಕನೇ ಬಂದ. ಗಾಡಿಗೇನಾಯ್ತು ಎಂದು ಕೇಳಿದ.

"ಗಾಡಿಗೇನೂ ಆಗಿಲ್ಲ ಸರ್. ನನ್ನ ಬಲಭುಜ ಕೆಟ್ಟಿದೆ. ಚಳಿಗಾಲದಿಂದ ಹೀಗೇ ಇದೆ, ನಾನು ಹೇಳಿಲ್ಲ."

ಅವನು ತಲೆಯಾಡಿಸಿದ. "ಮಧ್ಯಾಹ್ನವೇ ನನಗೆ ಗೊತ್ತಾಯ್ತು. ನೀವಾಗೇ ಬಂದು ಹೇಳ್ಲಿ ಅಂತ ಸುಮ್ಮನಿದ್ದೆ."

ಅವಳು ಎದ್ದು ನಿಂತಳು. "ನಾನು ಹೇಳದೇ ಇದ್ದಿದ್ದು ತಪ್ಪು ಸರ್, ಒಪ್ಕೋತೀನಿ. ಆದರೆ ನೀವು ಸುಮ್ಮನಿದ್ದಾಗ ಈ ಬಸ್ಸಿನ ತುಂಬ ಜನ ಇದ್ರು. ಗೊತ್ತಿದ್ದೂ ನನ್ನ ಕೈಗೆ ಗಾಡಿ ಕೊಟ್ರಲ್ಲ."

ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದ, ಮತ್ತೆ ಹಾಕಿಕೊಂಡ. ನಾಡಿದ್ದು ಆಸ್ಪತ್ರೆಗೆ ಹೋಗಿ ಬನ್ನಿ, ವೈದ್ಯರು ಸರಿ ಅನ್ನುವ ತನಕ ನಿಮಗೆ ಕಚೇರಿಯಲ್ಲಿ ಫೋನಿನ ಕೆಲಸ ಎಂದಷ್ಟೇ ಹೇಳಿ ಹತ್ತಿರದ ಬೆಂಚಿನಲ್ಲಿ ಅವಳ ಚೀಲ ತಂದಿಟ್ಟ. ಬಸ್ಸು ಅವಳನ್ನು ಬಿಟ್ಟು ಹೊರಟಿತು. ತಿಂಗಳುಗಟ್ಟಲೆ ಹೆದರಿದ್ದ ಸಂಗತಿ ನಡೆದುಹೋಗಿತ್ತು. ಅಳು ಬರಬಹುದೆಂದು ಕಾದಳು, ಬರಲಿಲ್ಲ. ಹಸಿವಾಗಿತ್ತು.

ಭಾನುವಾರ ಬೆಳಿಗ್ಗೆ ಅವಳೇ ತಮ್ಮನ ಮರಗೆಲಸದ ಶೆಡ್ಡಿಗೆ ಹೋದಳು. ಅವನು ಕುರ್ಚಿಯ ಕಾಲಿಗೆ ಉಪ್ಪುಕಾಗದ ಉಜ್ಜುತ್ತಿದ್ದ, ತಲೆ ಎತ್ತಲಿಲ್ಲ. ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು: ಭುಜ, ಮುಲಾಮು, ಸೈಕಲ್ಲಿನವನು. ಅವನ ಕೈ ಮೊದಲು ನಿಧಾನವಾಯಿತು, ಆಮೇಲೆ ನಿಂತಿತು. ಹಾಗಾದರೆ ಫೈನಲ್ ಬಿಟ್ಟುಬಿಡೋಣ ಎಂದ.

"ಬಸ್ ಬಿಟ್ಟಾಯ್ತಲ್ಲ, ಇದನ್ನೂ ಯಾಕೆ ಬಿಡಲಿ? ತಟ್ಟೆ ತಪ್ಪಿದ್ರೆ ಕೆರೆಗೆ ಬೀಳುತ್ತೆ ಕಣೋ. ಯಾರ ಬೆನ್ನಿಗೂ ಅಲ್ಲ. ಒಂದೇ ಒಂದು ದೂರದ ಎಸೆತ, ಅದಕ್ಕೆ ಈಗಿರೋ ಕೈಗೆ ಸರಿಹೋಗೋದು ಆರಿಸಿಕೊಡು."

ಅಂಗಡಿಯ ಹಿಂದೆ ಈ ಸಲ ಅವರಿಬ್ಬರೇ. ಯಜಮಾನ ನೀಲಿ, ಬಿಳಿ ಎರಡನ್ನೂ ಮತ್ತೆ ತೆಗೆದುಕೊಟ್ಟು ಒಳಗೆ ಹೋಗಿದ್ದ. ಗಾಳಿ ಎದುರಿಗಿತ್ತು. ಬಿಳಿಯದನ್ನು ಕೈಯಲ್ಲಿ ಹಿಡಿದರೆ ಹೂವಿನಂತಿತ್ತು, ಭುಜಕ್ಕೆ ಗೊತ್ತೇ ಆಗಲಿಲ್ಲ. ಆದರೆ ಗಾಳಿ ಅದನ್ನು ಎತ್ತಿ ಬಲಕ್ಕೆ ಮಗುಚಿ ಹಾಕಿತು. ಕೆರೆಯ ಬಲಕ್ಕೆ ಬೇಲಿ, ಬೇಲಿಯಾಚೆ ಬಿದ್ದರೆ ದಂಡ. ನೀಲಿಯದೂ ಬಲಕ್ಕೇ ಹೊರಳಿತು, ಆದರೆ ಅಷ್ಟಲ್ಲ. ತಮ್ಮ ಮರದ ಹಲಗೆ ನೋಡುವವನಂತೆ ಒಂದು ಕಣ್ಣು ಮುಚ್ಚಿ ಅದು ಹೋದ ದಾರಿ ನೋಡಿದ. ತಟ್ಟೆಯ ಹೊರ ಅಂಚನ್ನು ಕೊಂಚ ಕೆಳಕ್ಕೆ ವಾಲಿಸಿ ಬಿಡು, ಗಾಳಿಯೇ ಅದನ್ನು ಎತ್ತಿ ಮಟ್ಟ ಮಾಡುತ್ತದೆ ಎಂದ. ಬೀಸಿದಳು. ಅರ್ಧ ಬಲದ ಬೀಸು, ನೋವು ಬರುವ ಮುಂಚೆಯೇ ಕೈಬಿಟ್ಟಳು. ವಾಲಿಕೊಂಡು ಹೊರಟ ತಟ್ಟೆ ನಿಧಾನವಾಗಿ ಮಟ್ಟವಾಯಿತು, ಉದ್ದಕ್ಕೆ ತೇಲಿ ದೂರದ ಗೋಡೆ ತಾಗಿತು. ಇನ್ನೊಂದು ಎಸೆಯಲು ಹೋದವಳನ್ನು ಅವನು ತಡೆದ. "ಸಾಕಕ್ಕ. ಉಳಿದಿದ್ದು ಅಲ್ಲಿಗಿರಲಿ."

ಫೈನಲ್ಲಿನಲ್ಲಿ ಎದುರಾಳಿಗಳು ಇಬ್ಬರು ನರ್ಸುಗಳು, ಮಾತು ಕಡಿಮೆ, ತಪ್ಪು ಇನ್ನೂ ಕಡಿಮೆ. ದೂರದ ಬುಟ್ಟಿಗಳಿಗೆಲ್ಲ ಅವಳು ಗಿಡ್ಡ ಎಸೆತ ಎಸೆದು ಭುಜ ಕಾಯ್ದಳು, ಉಳಿದ ದೂರವನ್ನು ತಮ್ಮ ಹೆಗಲಿಗೇರಿಸಿಕೊಂಡ. ಹಾಗಿದ್ದೂ ಕೊನೆಯ ಬುಟ್ಟಿಗೆ ಬಂದಾಗ ಒಂದು ಎಸೆತ ಹಿಂದಿದ್ದರು. ನರ್ಸುಗಳು ಕೆರೆಯ ದಡವನ್ನೇ ಹಿಡಿದು ಸುತ್ತಿಬಂದು ಮೂರರಲ್ಲಿ ಮುಗಿಸಿದರು. ಇವರು ಎರಡರಲ್ಲಿ ಮುಗಿಸದಿದ್ದರೆ ಆಟ ಅಲ್ಲಿಗೇ ಮುಗಿಯಿತು.

ಅವಳು ನೀಲಿ ತಟ್ಟೆ ಹಿಡಿದು ನಿಂತಳು. ಮೇಲ್ವಿಚಾರಕ ಜನರ ನಡುವೆ ಎಲ್ಲೋ ಇದ್ದ, ಇದ್ದರೆ ಇರಲಿ. ಅವಳನ್ನು ಕಾಡಿದ್ದು ಗಾಳಿ. ಕೆರೆಯ ನೀರು ಇವಳ ಕಡೆಗೇ ಸುಕ್ಕುಗಟ್ಟುತ್ತ ಬರುತ್ತಿತ್ತು, ಬೆಳಗಿನದಕ್ಕಿಂತ ಜೋರು. ಇನ್ನಷ್ಟು ವಾಲಿಸಬೇಕು, ಆದರೆ ಎಷ್ಟು? ಹೆಚ್ಚಾದರೆ ನೀರು, ಕಡಿಮೆಯಾದರೆ ಬೇಲಿ. ತಮ್ಮನ ಕಡೆ ನೋಡಿದಳು. ಅವನು ಅಂಗೈಯನ್ನು ಒಂದು ಕೂದಲೆಳೆಯಷ್ಟು ಕೆಳಕ್ಕೆ ವಾಲಿಸಿದ.

ಗಾಳಿ ಉಸಿರು ತೆಗೆದುಕೊಳ್ಳುವ ತನಕ ಕಾದಳು. ಅದು ತೆಗೆದುಕೊಳ್ಳಲಿಲ್ಲ. ಸಮಯ ಮೀರುತ್ತದೆಂದು ತೀರ್ಪುಗಾರ ಎಚ್ಚರಿಸಿದ. ಬೀಸಿದಳು.

ತಟ್ಟೆ ನೀರಿನ ಮೇಲೆ ವಾಲಿಕೊಂಡೇ ಹೋಯಿತು. ಬಹಳ ಹೊತ್ತು ವಾಲಿಕೊಂಡೇ ಇತ್ತು. ನರ್ಸುಗಳಲ್ಲಿ ಒಬ್ಬಳು ಅಯ್ಯೋ ಎಂದದ್ದು ಕೇಳಿಸಿತು. ಕೆರೆಯ ನಡುವೆ ಗಾಳಿ ಅದರ ಕೆಳಗಿನ ಅಂಚನ್ನು ಹಿಡಿದೆತ್ತಿತು, ತಟ್ಟೆ ಮಟ್ಟವಾಯಿತು, ಬಲಕ್ಕೆ ಎಳೆಯಿತು, ಬೇಲಿಯತ್ತ ಇನ್ನೂ ಎಳೆಯಿತು. ಕೊನೆಗೆ ವೇಗ ಸೋತು, ಮನಸ್ಸು ಬದಲಿಸಿದಂತೆ ಎಡಕ್ಕೆ ಬಾಗಿ ಆಚೆ ದಡದ ಕೆಸರಿನಲ್ಲಿ ಪಚಕ್ಕನೆ ಕೂತಿತು. ಭುಜ ಈಗ ಉರಿಯುತ್ತಿತ್ತು. ಅವಳು ಅದನ್ನು ಎಡಗೈಯಲ್ಲಿ ಎಲ್ಲರೆದುರೇ ಒತ್ತಿ ಹಿಡಿದುಕೊಂಡಳು.

ತಮ್ಮ ಕೆಸರಿನಲ್ಲಿ ನಿಂತೇ ಬುಟ್ಟಿಗೆ ಎಸೆದ. ಸರಪಳಿ ಝಲ್ಲೆಂದಿತು. ಸಮ.

ಸಮವಾದ ಮೇಲೆ ಇನ್ನೊಂದು ಬುಟ್ಟಿ ಆಡಿಸಿದರು, ಅದರಲ್ಲಿ ಅಕ್ಕ ತಮ್ಮ ಸೋತರು. ಹತ್ತಿರದ ಎಸೆತವನ್ನೇ ತಮ್ಮ ತಪ್ಪಿಸಿದ, ಸಲೀಸಾದದ್ದನ್ನು. ನರ್ಸುಗಳು ಕೈ ಕುಲುಕುವಾಗ ಹಿರಿಯವಳು ಬಸ್ಸಿನಕ್ಕನ ಭುಜವನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, ನಾಳೆಯೇ ತೋರಿಸಬೇಕು, ಮುಂದೂಡಬಾರದು ಎಂದಳು. ಸೋತದ್ದಕ್ಕೆ ತಮ್ಮ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ. ಅವಳು ಬೈದುಕೊಳ್ಳಲು ಬಿಟ್ಟಳು. ಸ್ವೆಟರಿನ ಗುಂಡಿ ಹಾಕಿಕೊಳ್ಳಲು ಬಲಗೈ ಏಳದಾದಾಗ ಅವನೇ ನಿಂತು ಹಾಕಿಕೊಟ್ಟ, ಹಾಕುತ್ತಲೂ ಬೈದುಕೊಳ್ಳುತ್ತಿದ್ದ.

ಸೋಮವಾರ ಅವಳು ಆಸ್ಪತ್ರೆಗೆ ಬಸ್ಸಿನಲ್ಲಿ ಹೊರಟಳು. ಓಡಿಸುತ್ತಿದ್ದವಳು ಹೊಸ ಹುಡುಗಿ, ಇವಳನ್ನು ಕಂಡು ಕೊಂಚ ಗಾಬರಿಯಾದಳು. ಬಸ್ಸಿನಕ್ಕ ಅವಳ ಹಿಂದಿನ ಸೀಟಿನಲ್ಲಿ ಕೂತು, ಏನೂ ಹೇಳಬಾರದೆಂದು ಬಾಯಿ ಬಿಗಿದುಕೊಂಡಳು. ಆದರೂ ಮಾರುಕಟ್ಟೆಯ ವೃತ್ತ ಬಂದಾಗ ಅವಳ ಪಾದ ತಾನಾಗಿ ನೆಲವನ್ನು ಒತ್ತಿತು. ಹುಡುಗಿ ಸರಿಯಾಗಿ, ಮೆಲ್ಲಗೆ ತಿರುಗಿಸಿದಳು.