ಕಪ್ಪು ಬಟ್ಟೆ ಸುತ್ತಿದ ಬಾಟಲಿ

ತಪ್ಪು ನನ್ನದೇ. ಚಿತ್ರದುರ್ಗದ ಆಸ್ಪತ್ರೆಗೆ ತಿರುಗುವ ರಸ್ತೆ ದಾಟಿ ಮುಂದೆ ಬಂದುಬಿಟ್ಟಿದ್ದೆ. ಸುತ್ತಿ ಬರುವ ತಾಳ್ಮೆಯಿಲ್ಲದೆ ಒನ್‌ವೇಯಲ್ಲಿ ನಾಲ್ಕು ಮಾರು ಎದುರಿಗೆ ಸ್ಕೂಟಿ ಓಡಿಸಿದೆ. ಪೊಲೀಸಿನವನು ಅಡ್ಡ ಬಂದು ಕೀ ಕಿತ್ತುಕೊಂಡ. ದಂಡ ಹಾಕಲಿ, ಕಟ್ಟುತ್ತಿದ್ದೆ. ನನಗೆ ಸಿಟ್ಟಿರುವುದು ಅದಕ್ಕಲ್ಲ.

ನಮ್ಮಕ್ಕ ಯಮುನಾಗೆ ಹಿರಿಯೂರಿನಲ್ಲಿ ಆಪರೇಷನ್ ಮಾಡಿ ಹೆರಿಗೆ ಮಾಡಿಸಿದ್ದರು. ಏಳು ತಿಂಗಳಿಗೇ ಹುಟ್ಟಿದ ಕೂಸು. ಉಸಿರಾಟ ಸರಿಯಿಲ್ಲವೆಂದು ಅದನ್ನು ಚಿತ್ರದುರ್ಗಕ್ಕೆ ಕಳಿಸಿದ್ದರು. ಅಕ್ಕ ಹಾಸಿಗೆಯಿಂದ ಏಳುವಂತಿರಲಿಲ್ಲ. ಇನ್ನು ಮೇಲೆ ನಳಿಕೆಯಲ್ಲಿ ತಾಯಿಯ ಎದೆಹಾಲು ಕೊಡಬೇಕು, ಬೇರೆ ಹಾಲನ್ನು ಕೂಸಿನ ಹೊಟ್ಟೆ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ಅಕ್ಕ ನೋವು ನುಂಗಿಕೊಂಡು ಹಿಂಡಿ ಹಿಂಡಿ ಬಾಟಲಿಯ ತಳ ಮುಚ್ಚುವಷ್ಟು ಕೊಟ್ಟಿದ್ದಳು.

ನಮ್ಮವ್ವ ಏಕಾಂತಮ್ಮ ಅದನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ, ಬೇವಿನ ಕಡ್ಡಿ ಸಿಕ್ಕಿಸಿ, ಕರಿದಾರ ಬಿಗಿದಿದ್ದಳು. "ಕಣ್ಣು ಬಿದ್ರೆ ಹಾಲು ಇಂಗ್ತೈತೆ ಅನುಷಾ. ಯಾರಿಗೂ ತೋರಿಸ್‌ಬ್ಯಾಡ, ಏನು ಅಂತಾನೂ ಹೇಳ್‌ಬ್ಯಾಡ."

ಬಬ್ಬೂರಿನ ಕೃಷಿ ಫಾರಂನಲ್ಲಿ ಬೀಜದ ಪೊಟ್ಟಣಗಳ ಮೇಲೆ ಹೆಸರು ಬರೆಯುವುದು ನನ್ನ ಕೆಲಸ. ಹೆಸರಿಲ್ಲದ ಪೊಟ್ಟಣವನ್ನು ಆಚೆ ಬಿಟ್ಟವಳಲ್ಲ. ಆದರೂ ಅವ್ವನ ಮಾತಿಗೆ ತಲೆಯಾಡಿಸಿದ್ದೆ.

ಪೊಲೀಸಿನವನು ಸ್ಕೂಟಿಯ ಕೊಕ್ಕೆಯಲ್ಲಿದ್ದ ಬ್ಯಾಗಿಗೆ ಕೈ ಹಾಕಿ ಗಂಟನ್ನು ಎತ್ತಿ ಹಿಡಿದ. "ಏನಮ್ಮ ಇದು? ಮಾಟ ಗೀಟ ಮಾಡ್ಸಾಕೆ ಹೊಂಟಿದೀಯಾ?"

ಪಕ್ಕದ ಆಟೋದವರು ಕಿಸಕ್ಕನೆ ನಕ್ಕರು.

"ಆಸ್ಪತ್ರೇಲಿರೋ ಕೂಸಿಗೆ ಸಾರ್. ಬಿಚ್ಚಬ್ಯಾಡ್ರಿ, ಕೈ ಮುಗೀತೀನಿ."

"ಏನೈತೆ ಅಂತ ಬಾಯಿ ಬಿಡು, ಬಿಚ್ಚಲ್ಲ."

ಒಂದು ಕಡೆ ಅವ್ವನ ಎಚ್ಚರಿಕೆ, ಇನ್ನೊಂದು ಕಡೆ ಹಲ್ಲು ಕಿರಿಯುತ್ತಿದ್ದ ಗಂಡಸರು. "ಔಷಧಿ" ಅಂದೆ. ಅವನು ನಂಬಲಿಲ್ಲ. ದಾರ ಕಿತ್ತ, ಮುಚ್ಚಳ ತಿರುಗಿಸಿದ, ಮೂಗಿಗೆ ಹಿಡಿದ. ಸಾಲದೆಂದು, ಬೆಳಗಿನಿಂದ ಕಂಡ ಕಂಡ ಗಾಡಿ ಮುಟ್ಟಿದ ಬೆರಳನ್ನು ಒಳಗೆ ಅದ್ದಿಯೂ ನೋಡಿದ.

"ಎದೆಹಾಲು ಕಣ್ರೀ ಅದು! ನಮ್ಮಕ್ಕನ ಎದೆಹಾಲು!"

ಇಡೀ ಸರ್ಕಲ್ಲಿಗೆ ಕೇಳುವಂತೆ ಕಿರುಚಿದ್ದೆ. ನಗು ನಿಂತಿತು. ಅವನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, "ಮೊದ್ಲೇ ಹೇಳಾಕೇನಾಗಿತ್ತು?" ಎಂದು ಬಾಟಲಿಯನ್ನೂ ಕೀಯನ್ನೂ ಕೊಟ್ಟ. ದಂಡವನ್ನೂ ಹಾಕಲಿಲ್ಲ. ಆ ದಯೆ ಕಂಡು ನನ್ನ ಮೈಯೆಲ್ಲ ಉರಿದುಹೋಯಿತು.

ಆಸ್ಪತ್ರೆಯಲ್ಲಿ ನರ್ಸ್ ಶಿವಗಂಗಾ, "ಮುಚ್ಚಳ ಯಾರಾದ್ರೂ ತೆಗೆದಿದ್ರೇನ್ರಿ?" ಎಂದು ಕೇಳಿದರು. ಇಲ್ಲ ಅನ್ನಬಹುದಿತ್ತು. ಗಾಜಿನಾಚೆ ಕೂಸಿನ ಪುಟ್ಟ ಎದೆಗೂಡು ಏರಿಳಿಯುತ್ತಿತ್ತು. ಇದ್ದದ್ದನ್ನು ಹೇಳಿದೆ. ಅವರು ಹಾಲನ್ನು ಸಿಂಕಿಗೆ ಸುರಿದು, ಬೇರೆ ಬಾಟಲಿ ಕೊಟ್ಟು, "ಸಂಜೆಯೊಳಗೆ ತಂದುಬಿಡ್ರಿ" ಅಂದರು.

ಮತ್ತೆ ಹಿರಿಯೂರು. ಕಥೆ ಕೇಳಿದ ಅಕ್ಕ ಗೋಡೆಯ ಕಡೆ ತಿರುಗಿ ಮತ್ತೆ ಹಿಂಡತೊಡಗಿದಳು. ಅವ್ವ ಮತ್ತೊಂದು ಕಪ್ಪು ಬಟ್ಟೆ ಹಿಡಿದು ಬಂದಳು.

"ಸಾಕು ತಗಿಯವ್ವ ನಿನ್ನ ಬಟ್ಟೆ!" ಎಂದು ಗದರಿದೆ. ಬಾಟಲಿಗೆ ಬಿಳಿ ಚೀಟಿ ಅಂಟಿಸಿ, ಫಾರಂನಲ್ಲಿ ಬರೆಯುವ ಹಾಗೆಯೇ ದಪ್ಪಗೆ ಬರೆದೆ: ಎದೆಹಾಲು. ಯಮುನಾಳ ಮಗುವಿಗೆ.

ಸಂಜೆ ಒನ್‌ವೇ ತಪ್ಪಿಸಿ, ಸುತ್ತಿ ಬಳಸಿ ನಿಯಮದ ಪ್ರಕಾರವೇ ಸರ್ಕಲ್ಲಿಗೆ ಬಂದೆ. ಅವನು ಅಲ್ಲೇ ಇದ್ದ. ನನ್ನನ್ನು ಕಂಡವನೇ ಹೋಗು ಹೋಗು ಎಂದು ಕೈ ಬೀಸಿದ. ನಾನು ಅವನ ಮುಂದೆಯೇ ಗಾಡಿ ನಿಲ್ಲಿಸಿ ಬಾಟಲಿ ಎತ್ತಿ ಹಿಡಿದೆ.

"ಏನೈತೆ ಅಂತ ಕೇಳ್ರಿ ಸಾರ್."

"ನಡಿಯಮ್ಮ, ಹಿಂದೆ ಗಾಡಿ ನಿಂತವೆ."

"ನಿಲ್ಲಲಿ. ಬರ್ದೈತಲ್ಲ, ಬಾಯಿಬಿಟ್ಟು ಓದ್ರಿ."

ಹಾರನ್ನುಗಳು ಬಡಿದುಕೊಳ್ಳುತ್ತಿದ್ದವು. ಆಟೋದವರೆಲ್ಲ ಇತ್ತಲೇ ನೋಡುತ್ತಿದ್ದರು. ಅವನು ಚೀಟಿ ನೋಡಿದ, ಮುಖ ಆಚೆ ತಿರುಗಿಸಿ ಹಿಂದಿನ ಗಾಡಿಗಳಿಗೆ ಸೀಟಿ ಊದತೊಡಗಿದ. ನಾನೇ ಗಟ್ಟಿಯಾಗಿ ಓದಿ ಹೇಳಿ, ಆಸ್ಪತ್ರೆಯ ಕಡೆ ಗಾಡಿ ತಿರುಗಿಸಿದೆ. ಕೂಸು ಬೆಳಗಿನಿಂದ ಕಾಯುತ್ತಿತ್ತು.